ಮೈತುಂಬ ಕಣ್ಣಿರುವವನ ಕೈಗೆ ದುರ್ಬೀನು ಯಾಕೆ?

ಪ್ರಶ್ನೆ: ವಿಜ್ಞಾನದ ಇತಿಹಾಸ ಓದುತ್ತಿದ್ದಾಗ 1651ರ ಒಂದು ಅಚ್ಚುಚಿತ್ರ ಸಿಕ್ಕಿತು. ಒಂದು ಕಡೆ ಮೈಯೆಲ್ಲ ಕಣ್ಣುಗಳಿರುವ ಗಂಡಸು, ಕೈಯಲ್ಲಿ ದುರ್ಬೀನು. ಇನ್ನೊಂದು ಕಡೆ ರೆಕ್ಕೆ ಇರುವ ಹೆಂಗಸು, ಕೈಯಲ್ಲಿ ತಕ್ಕಡಿ. ನೆಲದ ಮೇಲೆ ಒಬ್ಬ ಮುದುಕ ಒರಗಿದ್ದಾನೆ. ಮೋಡದಿಂದ ಒಂದು ಕೈ ಇಳಿದಿದೆ. ಈ ಕಣ್ಣಿನವನು ನಮ್ಮ ಸಹಸ್ರಾಕ್ಷ ಇಂದ್ರನೇ ಇರಬಹುದಾ? ಖಗೋಳದ ಪುಸ್ತಕದಲ್ಲಿ ಪುರಾಣಕ್ಕೆ ಏನು ಕೆಲಸ? ಇಂಥ ಚಿತ್ರಗಳಲ್ಲಿ ಪ್ರತಿಯೊಂದಕ್ಕೂ ಒಳಾರ್ಥ ಇರುತ್ತಾ? ಇದ್ದರೆ ಓದುವುದು ಹೇಗೆ?

ಉತ್ತರ: ಇಂದ್ರ ಅಲ್ಲ. ಅವನು ಆರ್ಗಸ್, ಗ್ರೀಕ್ ಪುರಾಣದವನು. ಇಂದ್ರನಿಗೆ ಮೈಮೇಲೆ ಕಣ್ಣು ಬಂದದ್ದು ಗೌತಮನ ಶಾಪದಿಂದ. ಆರ್ಗಸ್‌ಗೆ ಅಂಥ ಶಾಪವೇನೂ ಇಲ್ಲ, ಅವನು ಇರುವುದೇ ಹಾಗೆ. ನೀವು ನೋಡಿದ ಚಿತ್ರಕ್ಕೆ ಕಥೆ ಬಂದದ್ದು ರೋಮನ್ ಕವಿ ಓವಿಡ್‌ನಿಂದ. ಆಗಿನ ಯುರೋಪಿನಲ್ಲಿ ಲ್ಯಾಟಿನ್ ಕಲಿತ ಪ್ರತಿ ಹುಡುಗನೂ ಶಾಲೆಯಲ್ಲಿ ಓವಿಡ್‌ನನ್ನು ಓದುತ್ತಿದ್ದ.

ಆ ಕಥೆ ಚಿಕ್ಕದಾಗಿ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ದೇವರಾಜ ಜುಪಿಟರ್‌ಗೆ ಇಯೊ ಎಂಬ ಹುಡುಗಿಯ ಮೇಲೆ ಮನಸ್ಸಾಗುತ್ತದೆ. ಹೆಂಡತಿ ಜೂನೊ ಕೈಗೆ ಸಿಕ್ಕಿಬೀಳುವ ಹೊತ್ತಿಗೆ ಅವಳನ್ನು ಹಸುವಾಗಿ ಮಾಡಿಬಿಡುತ್ತಾನೆ. ಜೂನೊ ಏನು ಕಡಿಮೆಯವಳಲ್ಲ. ಆ ಹಸು ನನಗೇ ಕೊಡು ಎನ್ನುತ್ತಾಳೆ, ಕಾವಲಿಗೆ ಆರ್ಗಸ್‌ನನ್ನು ನಿಲ್ಲಿಸುತ್ತಾಳೆ. ಅವನಿಗೆ ನೂರು ಕಣ್ಣು. ಎರಡೆರಡು ಕಣ್ಣು ಸರದಿ ಮೇಲೆ ನಿದ್ದೆ ಮಾಡುತ್ತವೆ, ಉಳಿದವು ಎಚ್ಚರ. ಜುಪಿಟರ್ ಕಳಿಸಿದ ಮರ್ಕ್ಯುರಿ ಬಂದು ಕೊಳಲು ಊದಿ, ಕಥೆ ಹೇಳಿ, ನೂರೂ ಕಣ್ಣು ಮುಚ್ಚುವ ಹಾಗೆ ಮಾಡಿ, ಕತ್ತು ಕಡಿಯುತ್ತಾನೆ. ಜೂನೊ ಆ ಕಣ್ಣುಗಳನ್ನು ತೆಗೆದು ತನ್ನ ನವಿಲಿನ ಗರಿಗೆ ಜೋಡಿಸುತ್ತಾಳೆ.

ಈಗ ನಿಮ್ಮ ಚಿತ್ರ. ಅದು ಜಿಯೊವಾನ್ನಿ ಬಾಟಿಸ್ಟಾ ರಿಚ್ಚೋಲಿ ಬರೆದ ‘ಅಲ್ಮಜೆಸ್ಟಮ್ ನೋವಮ್’ ಎಂಬ ಗ್ರಂಥದ ಮುಖಚಿತ್ರ. ಹೊಸ ಅಲ್ಮಜೆಸ್ಟ್ ಎಂದು ಅರ್ಥ. ಹಳೆಯ ಅಲ್ಮಜೆಸ್ಟ್ ಬರೆದವನು ಟಾಲೆಮಿ, ಭೂಮಿಯನ್ನು ವಿಶ್ವದ ನಡುವೆ ಇಟ್ಟು ಲೆಕ್ಕ ಹಾಕಿದ ಪ್ರಾಚೀನ ಖಗೋಳತಜ್ಞ. ರಿಚ್ಚೋಲಿ ಇಟಲಿಯ ಬೊಲೊನ್ಯಾದಲ್ಲಿದ್ದ ಜೆಸ್ಯೂಟ್ ಪಾದ್ರಿ, ಅಂದರೆ ಕ್ಯಾಥೊಲಿಕ್ ಚರ್ಚಿನ ಒಂದು ಸನ್ಯಾಸಿ ಸಂಘದವನು. 1598ರಲ್ಲಿ ಹುಟ್ಟಿ 1671ರಲ್ಲಿ ತೀರಿಕೊಂಡ. ಪುಸ್ತಕ ಸಾವಿರದೈನೂರು ಪುಟ ದಾಟುತ್ತದೆ. ಚಿತ್ರವನ್ನು ತಾಮ್ರದ ತಗಡಿನ ಮೇಲೆ ಕೆತ್ತಿದವನು ಅದೇ ಊರಿನ ಫ್ರಾಂಚೆಸ್ಕೊ ಕುರ್ತಿ.

ಮೇಲಿನಿಂದ ನೋಡಿಕೊಂಡು ಬನ್ನಿ. ಮೋಡದಿಂದ ಇಳಿದಿರುವುದು ದೇವರ ಕೈ. ಮೂರು ಬೆರಳು ಚಾಚಿವೆ, ಒಂದೊಂದಕ್ಕೂ ಒಂದು ಹೆಸರು: ಎಣಿಕೆ, ಅಳತೆ, ತೂಕ. ದೇವರು ಎಲ್ಲವನ್ನೂ ಈ ಮೂರರಿಂದ ಹೊಂದಿಸಿಟ್ಟ ಎಂಬ ಮಾತು ಅವರ ಧರ್ಮಗ್ರಂಥದಲ್ಲಿದೆ. ಎರಡೂ ಪಕ್ಕದಲ್ಲಿ ಪುಟ್ಟ ರೆಕ್ಕೆಯ ಮಕ್ಕಳು ಗ್ರಹಗಳನ್ನು ಹಿಡಿದುಕೊಂಡಿದ್ದಾರೆ. ಅವು ಸುಮ್ನೆ ಬಿಡಿಸಿದ ಉಂಡೆಗಳಲ್ಲ. ಬುಧ, ಶುಕ್ರ ಬಿದಿಗೆ ಚಂದ್ರನ ಹಾಗೆ ಕುಡುಗೋಲಿನ ಆಕಾರದಲ್ಲಿವೆ. ಗುರುವಿನ ಮೈಮೇಲೆ ಪಟ್ಟೆ, ಸುತ್ತ ನಾಲ್ಕು ಉಪಗ್ರಹ. ಚಂದ್ರನ ಮೈ ಒರಟು. ಶನಿಗೆ ಎರಡು ಕಿವಿ. ಕಿವಿ ಯಾಕೆಂದರೆ ಅದು ಬಳೆ ಎಂದು ಹೈಗೆನ್ಸ್ ವಿವರಿಸಿದ್ದು 1659ರಲ್ಲಿ. 1651ರ ದುರ್ಬೀನಿಗೆ ಶನಿ ಕಂಡದ್ದೇ ಹಾಗೆ. ಅಂದರೆ ಚಿತ್ರದ ಮೇಲ್ಭಾಗ ಪುರಾಣವಲ್ಲ, ಆ ವರ್ಷದ ಖಗೋಳ ವರದಿ.

ಆರ್ಗಸ್ ಬಾಯಿಂದ ಒಂದು ಸಾಲು ಹೊರಟಿದೆ: ‘ನಿನ್ನ ಬೆರಳುಗಳ ಕೆಲಸವಾದ ನಿನ್ನ ಆಕಾಶವನ್ನು ನೋಡುವೆನು’. ಬೈಬಲಿನ ಕೀರ್ತನೆಗಳ ಸಾಲು ಅದು. ನನಗೆ ಇಡೀ ಚಿತ್ರದಲ್ಲಿ ತುಂಬಾ ಇಷ್ಟವಾಗುವ ಜಾಗ ಇದೇ. ಗ್ರೀಕ್ ಪುರಾಣದ ದೈತ್ಯನ ಬಾಯಲ್ಲಿ ಯೆಹೂದಿ ಕೀರ್ತನೆ, ಕೈಯಲ್ಲಿ ಕೆಲವು ದಶಕಗಳ ಹಿಂದೆ ರೋಮಿನಲ್ಲಿ ದೊಡ್ಡ ಜಗಳ ಎಬ್ಬಿಸಿದ್ದ ಉಪಕರಣ. ಸಾಲಿನಲ್ಲಿ ‘ಬೆರಳು’ ಇದೆ, ಮೇಲೆ ನೋಡಿದರೆ ಬೆರಳು ಇದೆ, ಬೆರಳಿನ ಮೇಲೆ ‘ತೂಕ’ ಎಂದಿದೆ, ಪಕ್ಕದಲ್ಲಿ ನೋಡಿದರೆ ತಕ್ಕಡಿ ಇದೆ. ಒಂದರಿಂದ ಒಂದಕ್ಕೆ ಕಣ್ಣು ಜಾರುವ ಹಾಗೆ ಕಟ್ಟಿದ್ದಾರೆ. ದುರ್ಬೀನಿನಲ್ಲಿ ಆಕಾಶ ನೋಡುವುದು ದೇವರ ಕೈಬರಹ ಓದುವುದಕ್ಕೆ ಸಮ ಎನ್ನುವ ವಾದ, ತನ್ನದೊಂದೂ ವಾಕ್ಯ ಬರೆಯದೆ.

ತಕ್ಕಡಿ ಹಿಡಿದವಳು ಯಾರು ಎಂಬುದಕ್ಕೆ ಎರಡು ಉತ್ತರ ಚಾಲ್ತಿಯಲ್ಲಿವೆ. ಕೆಲವರು ಖಗೋಳದ ದೇವತೆ ಉರೇನಿಯಾ ಎನ್ನುತ್ತಾರೆ. ಕೆಲವರು ಆಸ್ಟ್ರಿಯಾ ಎನ್ನುತ್ತಾರೆ, ನ್ಯಾಯದ ಕನ್ಯೆ, ಭೂಮಿಯ ಮೇಲೆ ಅನ್ಯಾಯ ಹೆಚ್ಚಾದಾಗ ಆಕಾಶಕ್ಕೆ ಹೋದವಳು. ಬಟ್ಟೆಯ ಮೇಲೆಲ್ಲ ನಕ್ಷತ್ರ ಇರುವುದು ಇಬ್ಬರಿಗೂ ಹೊಂದುತ್ತದೆ. ನಾನು ಆಸ್ಟ್ರಿಯಾ ಕಡೆಗೇ. ಉರೇನಿಯಾಳನ್ನು ಗುರುತಿಸುವುದು ಗೋಳದಿಂದ, ತಕ್ಕಡಿ ನ್ಯಾಯದವಳ ಸಾಮಾನು. ಇಲ್ಲಿ ನಡೆಯುತ್ತಿರುವುದೂ ಒಂದು ನ್ಯಾಯತೀರ್ಮಾನವೇ ಅಲ್ವಾ?

ಒಂದು ತಟ್ಟೆಯಲ್ಲಿ ಕೋಪರ್ನಿಕಸ್‌ನ ವಿಶ್ವ: ನಡುವೆ ಸೂರ್ಯ, ಸುತ್ತ ಭೂಮಿಯೂ ಸೇರಿ ಎಲ್ಲ ಗ್ರಹ. ಇನ್ನೊಂದರಲ್ಲಿ ರಿಚ್ಚೋಲಿಯದೇ ವಿಶ್ವ: ನಡುವೆ ಭೂಮಿ ಅಲುಗಾಡದೆ ನಿಂತಿದೆ. ಬುಧ, ಶುಕ್ರ, ಮಂಗಳ ಸೂರ್ಯನನ್ನು ಸುತ್ತುತ್ತವೆ. ಸೂರ್ಯ, ಚಂದ್ರ, ಗುರು, ಶನಿ ಭೂಮಿಯನ್ನು ಸುತ್ತುತ್ತವೆ. ಡೆನ್ಮಾರ್ಕಿನ ಖಗೋಳತಜ್ಞ ಟೈಕೊ ಬ್ರಾಹೆಯ ಮಾದರಿಯನ್ನು ಸ್ವಲ್ಪ ತಿದ್ದಿಕೊಂಡದ್ದು. ಭಾರ ಯಾವ ಕಡೆಗೆ ಎಂದು ಹೇಳಬೇಕಾಗಿಲ್ಲ, ಪುಸ್ತಕ ಬರೆದವನದ್ದೇ ತಟ್ಟೆ ಕೆಳಗೆ. ಹೆಂಗಸಿನ ಬಾಯಲ್ಲೂ ಒಂದು ಕೀರ್ತನೆ: ಅದು ಎಂದೆಂದಿಗೂ ವಾಲದು. ‘ಅದು’ ಎಂದರೆ ಭೂಮಿ. ತಕ್ಕಡಿಯ ದಂಡ ವಾಲುತ್ತಿರುವ ಜಾಗದಲ್ಲಿಯೇ ಭೂಮಿ ವಾಲುವುದಿಲ್ಲ ಎನ್ನುವ ಸಾಲು. ಚೇಷ್ಟೆ ಬೇಕೆಂದೇ ಮಾಡಿದ್ದು.

ತಕ್ಕಡಿಗೆ ಇನ್ನೂ ಒಂದು ಹಿನ್ನೆಲೆ ಇದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. 1619ರಲ್ಲಿ ಒರಾಜಿಯೊ ಗ್ರಾಸ್ಸಿ ಎಂಬ ಜೆಸ್ಯೂಟ್ ಧೂಮಕೇತುಗಳ ವಿಚಾರವಾಗಿ ಗೆಲಿಲಿಯೊ ವಿರುದ್ಧ ಪುಸ್ತಕ ಬರೆದ. ಅದರ ಹೆಸರು ‘ಖಗೋಳದ ತಕ್ಕಡಿ’. ಗೆಲಿಲಿಯೊ 1623ರಲ್ಲಿ ಉತ್ತರ ಕೊಟ್ಟ. ಆ ಪುಸ್ತಕದ ಹೆಸರು ‘ಇಲ್ ಸಾಜ್ಜಾತೋರೆ’, ಅಂದರೆ ಬಂಗಾರ ಪರೀಕ್ಷಿಸುವವನು. ನಿನ್ನದು ಸಂತೆಯ ತಕ್ಕಡಿ, ನನ್ನದು ಅಕ್ಕಸಾಲಿಯ ತಕ್ಕಡಿ ಎಂದು ಹಂಗಿಸಿದ ಹಾಗೆ. ಇದಾಗಿ ಮೂರು ದಶಕ ಕಳೆದ ಮೇಲೆ ಇನ್ನೊಬ್ಬ ಜೆಸ್ಯೂಟ್ ತನ್ನ ಪುಸ್ತಕದ ಮುಂದೆ ದೇವತೆಯ ಕೈಗೆ ತಕ್ಕಡಿ ಕೊಟ್ಟರೆ ಓದುಗರಿಗೆ ಆ ಹಳೆಯ ಜಗಳ ನೆನಪಾಗದೆ ಇರುತ್ತದೆಯೇ? ಸಾಧ್ಯವೇ ಇಲ್ಲ ಎಂಬುದು ನನ್ನ ಲೆಕ್ಕ.

ನೆಲದ ಮೇಲಿನ ಮುದುಕ ಟಾಲೆಮಿ. ಅವನ ಮಾದರಿ ಅವನ ಪಕ್ಕದಲ್ಲೇ ಬಿದ್ದಿದೆ, ತಕ್ಕಡಿಗೆ ಏರುವ ಯೋಗ್ಯತೆಯೂ ಅದಕ್ಕಿಲ್ಲ. ಶುಕ್ರನಿಗೂ ಚಂದ್ರನ ಹಾಗೆ ವೃದ್ಧಿ, ಕ್ಷಯ ಇದೆ ಎಂದು ದುರ್ಬೀನು ತೋರಿಸಿದ ದಿನವೇ ಅದರ ಕಥೆ ಮುಗಿದಿತ್ತು. ಆದರೆ ಅವನ ಮಾತು ನೋಡಿ: ‘ತಿದ್ದಿಸಿಕೊಳ್ಳುತ್ತಾ ಮೇಲೇಳುತ್ತೇನೆ’. ಹೊಸ ಅಲ್ಮಜೆಸ್ಟ್ ಎಂಬ ಹೆಸರಿಗೆ ಸಮರ್ಥನೆ ಇಲ್ಲಿದೆ. ಸೋತವನಿಂದಲೇ ಆಶೀರ್ವಾದ ಬರೆಸಿಕೊಂಡಿದ್ದಾನೆ ಜಾಣ.

ಹಾಗಾದರೆ ಇದು ಚರ್ಚಿನ ಪ್ರಚಾರಚಿತ್ರವೇ? ಒಂದು ಮಟ್ಟಿಗೆ ಹೌದು. ಭೂಮಿ ಚಲಿಸುತ್ತದೆ ಎನ್ನುವ ವಾದವನ್ನು ರೋಮ್ 1616ರಲ್ಲಿ ಖಂಡಿಸಿತ್ತು, 1633ರಲ್ಲಿ ಗೆಲಿಲಿಯೊ ವಿಚಾರಣೆ ನಡೆದಿತ್ತು. ಜೆಸ್ಯೂಟ್ ಪಾದ್ರಿ ಬೇರೆ ತಟ್ಟೆಯನ್ನು ಕೆಳಗಿಳಿಸುವ ಹಾಗಿರಲಿಲ್ಲ. ಆದರೂ ರಿಚ್ಚೋಲಿಯನ್ನು ಅಷ್ಟಕ್ಕೇ ತಳ್ಳಿಹಾಕಬೇಡಿ. ಬೊಲೊನ್ಯಾದ ಅಸಿನೆಲ್ಲಿ ಗೋಪುರದ ಮೇಲಿಂದ ಗುಂಡು ಬಿಟ್ಟು ಬೀಳುವ ವೇಗ ಅಳೆದವನು ಅವನು. ಜೊತೆ ಪಾದ್ರಿಗಳನ್ನು ಕೂರಿಸಿಕೊಂಡು ಇಡೀ ಹಗಲು ರಾತ್ರಿ ಲೋಲಕದ ತೂಗಾಟ ಎಣಿಸಿದವನು. ಮೇಲಿನ ಬೆರಳುಗಳ ಎಣಿಕೆ, ಅಳತೆ, ತೂಕ ಅವನಿಗೆ ಬರೀ ಅಲಂಕಾರವಾಗಿರಲಿಲ್ಲ. ಪುಸ್ತಕದ ಒಳಗೆ ಭೂಮಿಯ ಚಲನೆಯ ಬಗ್ಗೆ 126 ವಾದಗಳನ್ನು ಪರಿಶೀಲಿಸಿದ್ದಾನೆ. 49 ಪರವಾಗಿ, 77 ವಿರುದ್ಧವಾಗಿ. ಅವುಗಳಲ್ಲಿ ಒಂದೆರಡು ನಿಜಕ್ಕೂ ಗಟ್ಟಿಯವು. ಭೂಮಿ ತಿರುಗುತ್ತಿದ್ದರೆ ಉತ್ತರಕ್ಕೆ ಹಾರಿಸಿದ ಫಿರಂಗಿ ಗುಂಡು ಪಕ್ಕಕ್ಕೆ ಸರಿಯಬೇಕಿತ್ತು, ಸರಿಯುವುದು ಯಾರಿಗೂ ಕಂಡಿಲ್ಲ ಎಂದ. ಸರಿಯುವುದೇನೋ ನಿಜ, ಆಗಿನ ಫಿರಂಗಿಯಲ್ಲಿ ಕಾಣುವಷ್ಟಲ್ಲ. ಅದನ್ನೇ ನಾವು ಇವತ್ತು ಕೊರಿಯೊಲಿಸ್ ಪರಿಣಾಮ ಎನ್ನುತ್ತೇವೆ. ಭೂಮಿ ಸೂರ್ಯನ ಸುತ್ತ ಹೋಗುತ್ತಿದ್ದರೆ ನಕ್ಷತ್ರಗಳು ವರ್ಷದಲ್ಲಿ ಒಂಚೂರು ಜಾಗ ಬದಲಿಸಿದ ಹಾಗೆ ಕಾಣಬೇಕು, ಕಾಣುತ್ತಿಲ್ಲ ಎಂದ. ಬೆಸೆಲ್ ಅದನ್ನು ಅಳೆದು ತೋರಿಸಿದ್ದು 1838ರಲ್ಲಿ. 1651ರ ತಕ್ಕಡಿಯಲ್ಲಿ ಆ ಕಲ್ಲು ಇನ್ನೂ ಬಿದ್ದಿರಲಿಲ್ಲ.

ಇನ್ನೊಂದು ತಮಾಷೆ. ಇದೇ ಪುಸ್ತಕದಲ್ಲಿ ಅವನ ಶಿಷ್ಯ ಗ್ರಿಮಾಲ್ಡಿ ಬಿಡಿಸಿದ ಚಂದ್ರನ ನಕ್ಷೆ ಇದೆ. ಅದರ ಕುಳಿಗಳಿಗೆ ರಿಚ್ಚೋಲಿ ಹೆಸರಿಟ್ಟ. ತಕ್ಕಡಿಯಲ್ಲಿ ಸೋಲಿಸಿದ ಕೋಪರ್ನಿಕಸ್‌ಗೆ ಎದ್ದು ಕಾಣುವ ಒಂದು ದೊಡ್ಡ ಕುಳಿ ಕೊಟ್ಟ, ಅದೂ ‘ಬಿರುಗಾಳಿಯ ಸಾಗರ’ದ ಕಡೆಗೆ. ಕೋಪರ್ನಿಕಸ್ ಪಕ್ಷದ ಖಗೋಳತಜ್ಞ ಕೆಪ್ಲರ್‌ನನ್ನೂ ಅದೇ ಕಡೆ ಕೂರಿಸಿದ. ಆ ಹೆಸರುಗಳು ಇವತ್ತಿಗೂ ಬಳಕೆಯಲ್ಲಿವೆ. 2023ರ ಆಗಸ್ಟ್ 23ರಂದು ಬೆಂಗಳೂರಿನಿಂದ ನಿಯಂತ್ರಿಸಿ ಚಂದ್ರಯಾನ-3ರ ವಿಕ್ರಮ್ ಇಳಿಸಿದರಲ್ಲ, ಆ ಜಾಗದ ಗುರುತಿಗೆ ಹೇಳುತ್ತಿದ್ದ ಮಾಂಜಿನಸ್ ಎಂಬ ಹೆಸರೂ ರಿಚ್ಚೋಲಿ ಇಟ್ಟದ್ದೇ. ಮಾಂಜಿನಿ ಬೊಲೊನ್ಯಾದವನು, ಅವನದೇ ಊರಿನ ಖಗೋಳಪ್ರಿಯ.

ಈಗ ನಿಮ್ಮ ದೊಡ್ಡ ಪ್ರಶ್ನೆಗೆ ಬರೋಣ, ಓದುವುದು ಹೇಗೆ. ಇದಕ್ಕೆ ಇದೇ ಆರ್ಗಸ್ ಇನ್ನೊಂದು ಪುಸ್ತಕದಲ್ಲಿ ಏನಾಗಿದ್ದಾನೆ ನೋಡಿದರೆ ಸಾಕು. 1613ರಲ್ಲಿ ಆಂಟ್ವರ್ಪ್‌ನ ಪ್ಲಾಂಟಿನ್ ಮುದ್ರಣಾಲಯ ಬೆಳಕು ಮತ್ತು ದೃಷ್ಟಿಯ ಬಗ್ಗೆ ಆರು ಭಾಗಗಳ ಗ್ರಂಥ ಅಚ್ಚುಹಾಕಿತು. ಬರೆದವನು ಅಗಿಲೋನಿಯಸ್, ಅವನೂ ಜೆಸ್ಯೂಟ್. ಶೀರ್ಷಿಕೆಪುಟ ಬಿಡಿಸಿದವನು ಹೆಸರಾಂತ ಚಿತ್ರಕಾರ ರೂಬೆನ್ಸ್, ಕೆತ್ತಿದವನು ಥಿಯೋಡೋರ್ ಗಾಲೆ. ಮೇಲೆ ದೃಷ್ಟಿಶಾಸ್ತ್ರವೇ ಹೆಣ್ಣಾಗಿ ಸಿಂಹಾಸನದಲ್ಲಿ ಕೂತಿದೆ, ರಾಜದಂಡದ ತುದಿಯಲ್ಲಿ ಒಂದು ಕಣ್ಣು. ಪಕ್ಕದಲ್ಲಿ ಹದ್ದು ಮತ್ತು ನವಿಲು. ಕೆಳಗೆ ಒಂದು ಕಡೆ ಮರ್ಕ್ಯುರಿ, ಅವನ ಕೈಯಲ್ಲಿ ಆರ್ಗಸ್‌ನ ಕಡಿದ ತಲೆ. ಇನ್ನೊಂದು ಕಡೆ ವಿವೇಕದ ದೇವತೆ ಮಿನರ್ವಾ, ಅವಳ ಗುರಾಣಿಯ ಮೇಲೆ ಮೆಡೂಸಾಳ ತಲೆ.

ಎರಡೂ ಜೆಸ್ಯೂಟ್ ಪುಸ್ತಕ. ಎರಡರ ವಿಷಯವೂ ‘ನೋಡುವುದು’. ನಡುವೆ ನಾಲ್ಕು ದಶಕವೂ ಇಲ್ಲ. ಒಂದರಲ್ಲಿ ಆರ್ಗಸ್ ನಾಯಕ, ಇನ್ನೊಂದರಲ್ಲಿ ಹೆಣ.

ರಿಚ್ಚೋಲಿಗೆ ಬೇಕಾಗಿದ್ದದ್ದು ರಾತ್ರಿಯೆಲ್ಲ ಎಚ್ಚರವಾಗಿ ಆಕಾಶ ಕಾಯುವವನು. ಹಾಗಾಗಿ ಕಣ್ಣು ಇಟ್ಟುಕೊಂಡ, ಕೊಳಲು ಮತ್ತು ಕತ್ತಿಯನ್ನು ಬಿಟ್ಟ. ಆರ್ಗಸ್ ಕೊನೆಗೆ ನಿದ್ದೆಹೋದ ಎಂಬುದು ಖಗೋಳತಜ್ಞನಿಗೆ ಮುಜುಗರದ ವಿಷಯ, ಅದನ್ನು ಅವನು ಎತ್ತುವುದೇ ಇಲ್ಲ. ಅಗಿಲೋನಿಯಸ್ ಹೇಳಬೇಕಾಗಿದ್ದದ್ದು ಕಣ್ಣು ಮೋಸಹೋಗುತ್ತದೆ ಎಂಬುದು. ನೂರು ಕಣ್ಣಿದ್ದವನೂ ಮೋಸಹೋದ, ನೋಟದಿಂದಲೇ ಕಲ್ಲು ಮಾಡುತ್ತಿದ್ದ ಮೆಡೂಸಾಳೂ ತಲೆ ಕಳೆದುಕೊಂಡಳು. ಬರೀ ಕಣ್ಣನ್ನು ಗೆದ್ದದ್ದು ಮರ್ಕ್ಯುರಿಯ ಚುರುಕುತನ ಮತ್ತು ಮಿನರ್ವಾಳ ವಿವೇಕ. ದೃಷ್ಟಿಯ ಲೆಕ್ಕಾಚಾರ ಕಲಿಸುವ ಪುಸ್ತಕದ ಬಾಗಿಲಿಗೆ ಇದಕ್ಕಿಂತ ಒಳ್ಳೆಯ ತೋರಣ ಬೇಕೇ? ರೂಬೆನ್ಸ್‌ನ ಚಿತ್ರವನ್ನು ನಾನು ಓದುವುದು ಹೀಗೆ. ಆರ್ಗಸ್‌ನ ಕಣ್ಣುಗಳು ಮೇಲೆ ನವಿಲಿನ ಗರಿಯಲ್ಲಿ ಉಳಿದಿವೆ ಎಂಬುದನ್ನೂ ಮರೆಯಬೇಡಿ.

ಆದ್ದರಿಂದ ‘ಆರ್ಗಸ್ ಎಂದರೆ ಎಚ್ಚರ’, ‘ನವಿಲು ಎಂದರೆ ಜಂಬ’ ಎಂಬ ಪಟ್ಟಿ ಹಿಡಿದು ಈ ಚಿತ್ರಗಳ ಮುಂದೆ ನಿಲ್ಲಬೇಡಿ. ಅಂಥ ಪಟ್ಟಿ ಆಗಲೂ ಇತ್ತು, ಕೆತ್ತುವವರು ಅದನ್ನು ಬಳಸುತ್ತಲೂ ಇದ್ದರು. ಚೆಸಾರೆ ರೀಪಾ ಎಂಬಾತನ ‘ಇಕೊನೊಲೊಜಿಯಾ’ 1593ರಲ್ಲಿ ರೋಮಿನಲ್ಲಿ ಬಂತು, 1603ರಲ್ಲಿ ಚಿತ್ರಗಳ ಜೊತೆ ಮತ್ತೆ ಬಂತು. ಸತ್ಯ, ಅಸೂಯೆ, ಕೀರ್ತಿ, ಸೋಮಾರಿತನ, ಹೀಗೆ ಅಕ್ಷರಾನುಕ್ರಮದಲ್ಲಿ ಒಂದೊಂದಕ್ಕೂ ಒಂದು ಮೂರ್ತಿ. ಸತ್ಯ ಎಂದರೆ ಬೆತ್ತಲೆ ಹೆಂಗಸು, ಕೈಯಲ್ಲಿ ಸೂರ್ಯ, ಕಾಲ ಕೆಳಗೆ ಭೂಗೋಳ. ದೇವತೆಗಳಿಗೆ ಬೇರೆ ಕೈಪಿಡಿಗಳಿದ್ದವು, 1556ರ ಕಾರ್ತಾರಿ ಅವುಗಳಲ್ಲೊಂದು. ಡಚ್ಚರಿಗೆ 1604ರಲ್ಲಿ ಕಾರೆಲ್ ವಾನ್ ಮಾಂಡರ್ ಓವಿಡ್‌ನ ಕಥೆಗಳಿಗೆ ನೀತಿಯ ಅರ್ಥ ಬಿಡಿಸಿ ಕೊಟ್ಟ. ನಾವು ಬೇಲೂರಿನಲ್ಲಿ ಶಂಖ, ಚಕ್ರ ನೋಡಿ ವಿಷ್ಣು ಎನ್ನುತ್ತೇವೆ, ಡಮರು ನೋಡಿ ಶಿವ ಎನ್ನುತ್ತೇವೆ. ಅಲ್ಲೂ ಗುರುತು ಹಿಡಿಯುವುದು ಹಾಗೆಯೇ. ಎರಡು ಹಾವು ಸುತ್ತಿದ ಕೋಲು ಇದ್ದರೆ ಮರ್ಕ್ಯುರಿ, ಗೂಬೆ ಇದ್ದರೆ ಮಿನರ್ವಾ, ನವಿಲಿದ್ದರೆ ಜೂನೊ, ಕುಡುಗೋಲು ಹಿಡಿದ ಮುದುಕ ಸ್ಯಾಟರ್ನ್ ಅಥವಾ ಕಾಲ. ಯಾರೆಂದು ತಿಳಿಯಲು ಕೈಪಿಡಿ ಸಾಕು. ಇಲ್ಲಿ ಯಾಕೆ ಬಂದಿದ್ದಾರೆ ಎಂಬುದಕ್ಕೆ ಆ ಪುಸ್ತಕವನ್ನೇ ಬಿಚ್ಚಬೇಕು.

ಕೈಪಿಡಿಯಲ್ಲಿ ಸಿಗದಿದ್ದರೆ ಹೊಸ ದೇವತೆಯನ್ನೇ ಸೃಷ್ಟಿಸುತ್ತಿದ್ದರು. ಇದರಲ್ಲಿ ಕೆಪ್ಲರ್‌ನನ್ನು ಮೀರಿಸಿದವರು ನನಗಂತೂ ಕಂಡಿಲ್ಲ. 1627ರಲ್ಲಿ ಉಲ್ಮ್ ಊರಿನಲ್ಲಿ ಅವನ ‘ರುಡಾಲ್ಫ್ ಕೋಷ್ಟಕಗಳು’ ಅಚ್ಚಾದವು, ಗ್ರಹಗಳ ಸ್ಥಾನ ಲೆಕ್ಕಹಾಕುವ ಪುಸ್ತಕ. ಮುಖಚಿತ್ರ ಕೆತ್ತಿದವನು ಗಿಯೋರ್ಗ್ ಸೆಲರ್. ಅದೊಂದು ಕಂಬಗಳ ಮಂಟಪ, ಉರೇನಿಯಾಳ ಗುಡಿ. ಹಿಂದಿನ ಕಂಬಗಳು ತೊಗಟೆ ಕೂಡ ಸರಿಯಾಗಿ ತೆಗೆಯದ ಮರದ ದಿಮ್ಮಿಗಳು, ಹಳೆಯ ಕಾಲದ ಜ್ಞಾನ. ಮುಂದೆ ಬಂದ ಹಾಗೆ ಕಂಬ ನಯವಾಗುತ್ತದೆ. ಹಿಪ್ಪಾರ್ಕಸ್, ಟಾಲೆಮಿ, ಕೋಪರ್ನಿಕಸ್, ಟೈಕೊ ಎಲ್ಲರೂ ಇದ್ದಾರೆ. ಚೆಂದದ ಕಂಬ ಟೈಕೊಗೆ. ಅವನು ಚಾವಣಿಯ ಮೇಲೆ ಬಿಡಿಸಿರುವ ತನ್ನ ಮಾದರಿಯತ್ತ ಕೈತೋರಿಸಿ ಕೋಪರ್ನಿಕಸ್‌ನನ್ನು ಕೇಳುತ್ತಿದ್ದಾನೆ: ‘ಹೀಗಿದ್ದರೆ ಹೇಗೆ?’ ಉತ್ತರ ಚಿತ್ರದಲ್ಲಿಲ್ಲ. ಕೆಪ್ಲರ್ ಕೋಪರ್ನಿಕಸ್ ಕಡೆಯವನು. ಆದರೆ ಕೋಷ್ಟಕಕ್ಕೆ ಬಂಡವಾಳ ಟೈಕೊ ಬರೆದಿಟ್ಟ ವೀಕ್ಷಣೆಗಳು, ಟೈಕೊ ಮನೆಯವರ ಕಣ್ಣೂ ಪುಸ್ತಕದ ಮೇಲಿತ್ತು. ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಬಿಡುವುದು ಒಳ್ಳೆಯದು ಅನ್ನಿಸಿರಬೇಕು.

ಚಾವಣಿಯ ಮೇಲೆ ಆರು ದೇವತೆಗಳು ನಿಂತಿದ್ದಾರೆ. ಓವಿಡ್‌ನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಒಬ್ಬಳು ಅಯಸ್ಕಾಂತದ ದೇವತೆ. ಒಬ್ಬಳು ತೂಕದ ದಂಡ ಹಿಡಿದಿದ್ದಾಳೆ. ಒಬ್ಬಳು ಜ್ಯಾಮಿತಿ, ಒಬ್ಬಳ ಹತ್ತಿರ ದುರ್ಬೀನು, ಒಬ್ಬಳು ಬೆಳಕು ನೆರಳಿನವಳು. ಇನ್ನೊಬ್ಬಳು ಲಾಗರಿದಮ್ ದೇವತೆ, ಗುಣಾಕಾರವನ್ನು ಕೂಡುವ ಲೆಕ್ಕವಾಗಿ ಇಳಿಸುವ ಉಪಾಯದವಳು! ಕೈಯಲ್ಲಿ ಒಂದಕ್ಕೆ ಎರಡು ಉದ್ದದ ಕೋಲುಗಳು, ತಲೆಯ ಸುತ್ತ ಪ್ರಭಾವಳಿಯ ಜಾಗದಲ್ಲಿ 6931472 ಎಂಬ ಅಂಕಿ. ಎರಡರ ಸ್ವಾಭಾವಿಕ ಲಾಗರಿದಮ್ 0.6931472. ನೇಪಿಯರ್ ಲಾಗರಿದಮ್ ಪ್ರಕಟಿಸಿದ್ದು 1614ರಲ್ಲಿ. ಹದಿಮೂರೇ ವರ್ಷದಲ್ಲಿ ಅದಕ್ಕೊಂದು ದೇವತೆ ಹುಟ್ಟಿ, ಪ್ರಭಾವಳಿಯೂ ಬಂತು. ಬರೋಕ್ ಕಾಲದಲ್ಲಿ, ಅಂದರೆ ಸುಮಾರು ಹದಿನೇಳನೆಯ ಶತಮಾನದ ಆಡಂಬರದ ಕಲೆಯ ಕಾಲದಲ್ಲಿ, ಪುರಾಣ ಸತ್ತ ಭಾಷೆಯಾಗಿರಲಿಲ್ಲ ಎನ್ನುವುದಕ್ಕೆ ನನಗೆ ಗೊತ್ತಿರುವ ಅತ್ಯಂತ ಚೆಂದದ ಸಾಕ್ಷಿ ಇದು.

ಅದರ ಮೇಲೆ ಹಾರುತ್ತಿರುವ ಹದ್ದು ಚಕ್ರವರ್ತಿ. ಕೊಕ್ಕಿನಿಂದ ನಾಣ್ಯ ಉದುರಿಸುತ್ತಿದೆ. ಕಣ್ಣನ್ನು ಕೆಳಗಿಳಿಸಿ ಪೀಠಕ್ಕೆ ಬನ್ನಿ. ಅಲ್ಲೊಂದು ಚೌಕಟ್ಟಿನಲ್ಲಿ ಕೆಪ್ಲರ್ ಮೇಣದಬತ್ತಿಯ ಬೆಳಕಿನಲ್ಲಿ ಲೆಕ್ಕ ಮಾಡುತ್ತಾ ಕೂತಿದ್ದಾನೆ, ಮೇಜಿನ ಮೇಲೆ ಕೆಲವೇ ನಾಣ್ಯ. ಆಸ್ಥಾನದಿಂದ ಅವನಿಗೆ ಬರಬೇಕಾದ ಸಂಬಳ ವರ್ಷಗಟ್ಟಲೆ ಬಾಕಿ ಇತ್ತು, ಪುಸ್ತಕದ ಅಚ್ಚಿಗೂ ಅವನೇ ಓಡಾಡಬೇಕಾಯಿತು. ಹೊಗಳಿಕೆಯೂ ಆಯಿತು, ದೂರು ಅರ್ಜಿಯೂ ಆಯಿತು.

‘ಖಗೋಳದ ಪುಸ್ತಕದಲ್ಲಿ ಪುರಾಣ ಯಾಕೆ’ ಎಂಬುದಕ್ಕೆ ಅರ್ಧ ಉತ್ತರ ಈ ನಾಣ್ಯಗಳಲ್ಲಿದೆ. ಪುಸ್ತಕಕ್ಕೆ ಪೋಷಕ ಬೇಕು. ಪೋಷಕ ಒಳಗಿನ ಕೋಷ್ಟಕ ಓದುವುದಿಲ್ಲ, ಮುಖಚಿತ್ರ ನೋಡುತ್ತಾನೆ. ಹೆವೇಲಿಯಸ್ ಎಂಬ ಗ್ಡಾನ್ಸ್ಕ್ ಊರಿನ ಖಗೋಳತಜ್ಞ ತನ್ನ ರಾಜ ಮೂರನೆಯ ಯಾನ್ ಸೋಬಿಯೆಸ್ಕಿಯ ಗುರಾಣಿಯನ್ನು ಒಂದು ನಕ್ಷತ್ರಪುಂಜವಾಗಿಯೇ ಆಕಾಶಕ್ಕೆ ಏರಿಸಿಬಿಟ್ಟ. ರಾಜ 1683ರಲ್ಲಿ ವಿಯೆನ್ನಾ ಯುದ್ಧ ಗೆದ್ದಿದ್ದ. ಹೆವೇಲಿಯಸ್ 1687ರಲ್ಲಿ ತೀರಿಕೊಂಡ ಮೇಲೆ ಹೆಂಡತಿ ಎಲಿಸಬೆತಾ ಅವನ ನಕ್ಷತ್ರಪಟ ಹೊರತಂದಳು. ಅದರ ಮುಖಚಿತ್ರದಲ್ಲಿ ಅವನು ಉರೇನಿಯಾಳ ದರ್ಬಾರಿಗೆ ಬರುತ್ತಿದ್ದಾನೆ. ಕೈಯಲ್ಲಿ ಆ ಗುರಾಣಿ, ಹಿಂದೆ ಅವನು ಹೆಸರಿಟ್ಟ ಪುಂಜಗಳೇ ಪ್ರಾಣಿಗಳಾಗಿ ಸಾಲುಗಟ್ಟಿವೆ: ನರಿ, ಪುಟ್ಟ ಸಿಂಹ, ಕಾಡುಬೆಕ್ಕು, ಬೇಟೆನಾಯಿ. ಪುರಾಣಕ್ಕೆ ಸೇರ್ಪಡೆ ಅರ್ಜಿ ಹಿಡಿದು ನಿಂತ ಹಾಗಿದೆ.

ಇನ್ನರ್ಧ ಉತ್ತರ ತಾಮ್ರದಲ್ಲಿದೆ. ಪುಸ್ತಕದ ಅಕ್ಷರಗಳು ಉಬ್ಬಿದ ಅಚ್ಚುಮೊಳೆಯಿಂದ ಬರುತ್ತವೆ. ತಾಮ್ರದ ಕೆತ್ತನೆ ತದ್ವಿರುದ್ಧ. ಚೂಪು ಉಳಿಯಿಂದ ಗೀರು ತೋಡಿ, ಗೀರಿನೊಳಗೆ ಶಾಯಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದ ಇಟ್ಟು, ಎರಡು ಉರುಳೆಗಳ ನಡುವೆ ಒತ್ತಿ ತೆಗೆಯಬೇಕು. ಬೇರೆ ಯಂತ್ರ, ಬೇರೆ ಕೆಲಸಗಾರ, ಜಾಸ್ತಿ ಖರ್ಚು. ಹಾಗಾಗಿ ಒಂದು ಪುಟ ಸಿಕ್ಕಿದರೆ ಹೇಳಬೇಕಾದ್ದನ್ನೆಲ್ಲ ಅಲ್ಲೇ ತುರುಕುತ್ತಿದ್ದರು. ಪುಸ್ತಕಗಳು ರಟ್ಟಿಲ್ಲದೆ ಮಾರಾಟವಾಗುತ್ತಿದ್ದ ಕಾಲ, ಜಾಹೀರಾತಿನ ಕೆಲಸವೂ ಈ ಪುಟದ್ದೇ. ತಗಡಿನ ಮೇಲೆ ಎಲ್ಲವನ್ನೂ ಕನ್ನಡಿಯಲ್ಲಿ ಕಾಣುವ ಹಾಗೆ ತಿರುಗಾಮುರುಗಾ ಕೆತ್ತಬೇಕು, ಆ 6931472 ಕೂಡ. ರೂಬೆನ್ಸ್ ಇಂಥ ಶೀರ್ಷಿಕೆಪುಟಗಳನ್ನು ಬಿಡಿಸುತ್ತಿದ್ದದ್ದು ರಜೆ ದಿನಗಳಲ್ಲಿ. ತಿಂಗಳುಗಟ್ಟಲೆ ಮೊದಲೇ ಹೇಳಿದರೆ ಯೋಚಿಸಿ ಮಾಡಿಕೊಡುತ್ತಾನೆ ಎಂದು ಪ್ಲಾಂಟಿನ್ ಮುದ್ರಣಾಲಯದ ಬಾಲ್ತಸಾರ್ ಮೊರೆಟಸ್ ಬರೆದಿಟ್ಟಿದ್ದಾನೆ. ಅವರ ಮುದ್ರಣಾಲಯ ಆಂಟ್ವರ್ಪ್‌ನಲ್ಲಿ ಈಗ ಮ್ಯೂಸಿಯಂ, ತಾಮ್ರದ ತಗಡುಗಳೂ ಉಳಿದಿವೆ.

ಕೆಲವೊಮ್ಮೆ ಗೀರೇ ಸಂಕೇತವಾಗುತ್ತದೆ. ಕ್ಲೋಡ್ ಮೆಲಾನ್ 1649ರಲ್ಲಿ ಕ್ರಿಸ್ತನ ಮುಖ ಕೆತ್ತಿದ. ಮೂಗಿನ ತುದಿಯಿಂದ ಶುರುವಾಗಿ ಸುರುಳಿ ಸುತ್ತುತ್ತಾ ಹೋಗುವ ಒಂದೇ ಒಂದು ಗೆರೆ, ಅಷ್ಟೇ. ಗೆರೆ ದಪ್ಪವಾದಲ್ಲಿ ನೆರಳು, ತೆಳ್ಳಗಾದಲ್ಲಿ ಬೆಳಕು. ಒಬ್ಬನೇ ಆದವನನ್ನು ಒಂದೇ ಗೆರೆಯಿಂದ ಬಿಡಿಸಿದೆ ಎಂದು ಕೆಳಗೆ ಬರೆದುಕೊಂಡಿದ್ದಾನೆ. ಇದೇ ಮೆಲಾನ್ 1630ರ ದಶಕದಲ್ಲಿ ದುರ್ಬೀನಿನಲ್ಲಿ ನೋಡಿ ಚಂದ್ರನ ಮೂರು ಚಿತ್ರಗಳನ್ನೂ ಕೆತ್ತಿದ್ದ.

ಎಲ್ಲದಕ್ಕೂ ಒಳಾರ್ಥ ಇರುತ್ತಾ ಎಂದು ಕೇಳಿದಿರಿ. ಇಲ್ಲ. ಹುಡುಕುವ ಚಟ ಮಾತ್ರ ಆಗಿನ ಕಾಲದಲ್ಲೂ ಇತ್ತು. 1632ರಲ್ಲಿ ಗೆಲಿಲಿಯೊನ ‘ಸಂವಾದ’ ಹೊರಬಂತು. ಪುಸ್ತಕದ ಮೇಲೆ ಒಂದರ ಬಾಲ ಒಂದು ಕಚ್ಚಿದ ಮೂರು ಡಾಲ್ಫಿನ್‌ಗಳ ಗುರುತು ಇತ್ತು. ಪೋಪ್‌ನನ್ನು ಅಣಕಿಸುತ್ತಿದೆಯೇ ಎಂದು ರೋಮಿನ ಅಧಿಕಾರಿಗಳಿಗೆ ಅನುಮಾನ ಬಂತು. ಅದು ಫ್ಲಾರೆನ್ಸ್‌ನ ಮುದ್ರಕ ಲಾಂಡಿನಿ ತನ್ನ ಬೇರೆ ಪುಸ್ತಕಗಳಿಗೂ ಹಾಕುತ್ತಿದ್ದ ಅಂಗಡಿ ಮುದ್ರೆ ಎಂದು ವಿವರಿಸಿ ಹೇಳಬೇಕಾಯಿತು. ಸಂಕೇತಗಳಲ್ಲಿ ಮುಳುಗಿ ಬೆಳೆದವರೇ ಹೀಗೆ ಎಡವಿದರೆ ನಾವು ಇನ್ನಷ್ಟು ಎಚ್ಚರವಾಗಿರಬೇಕು. ಹೂಮಾಲೆ, ಪರದೆ, ಪುಟ್ಟ ರೆಕ್ಕೆಯ ಮಕ್ಕಳು ಬಹಳ ಸಲ ಬರೀ ಜಾಗ ತುಂಬುವ ಸಾಮಾನು. ಆದರೆ ಆ ಮಗುವಿನ ಕೈಯಲ್ಲಿ ಕಿವಿ ಇರುವ ಶನಿ ಇದ್ದರೆ ನಿಂತು ನೋಡಿ.

ನೀವೇ ಒಂದು ಚಿತ್ರ ಓದಿ ನೋಡಬೇಕೆಂದರೆ ಸುಲಭದ್ದರಿಂದ ಶುರುಮಾಡಿ. ಬರೋಕ್‌ಗೆ ತುಸು ಮುಂಚಿನ ಹೆಂಡ್ರಿಕ್ ಗೋಲ್ಟ್‌ಸಿಯಸ್ 1588ರಲ್ಲಿ ಕೆತ್ತಿದ ನಾಲ್ಕು ದುಂಡು ಚಿತ್ರಗಳಿವೆ: ಇಕಾರಸ್, ಫೇಥನ್, ಟಾಂಟಲಸ್, ಇಕ್ಸಿಯಾನ್. ನಾಲ್ವರೂ ದೇವರ ಮಟ್ಟಕ್ಕೆ ಏರಹೋಗಿ ಬಿದ್ದವರು, ನಾಲ್ವರೂ ಗಾಳಿಯಲ್ಲಿ ತಲೆಕೆಳಗಾಗಿ ಬೀಳುತ್ತಿದ್ದಾರೆ. ಅರ್ಥ ಚಿತ್ರದ ಅಂಚಿನ ಸುತ್ತಲೂ ಪದ್ಯದಲ್ಲಿದೆ. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂ ಜಾಲತಾಣದಲ್ಲಿ ಗೋಲ್ಟ್‌ಸಿಯಸ್ ಕೆತ್ತನೆಗಳನ್ನು ಗೀರು ಗೀರೂ ಕಾಣುವಷ್ಟು ದೊಡ್ಡದಾಗಿ, ದುಡ್ಡಿಲ್ಲದೆ ನೋಡಬಹುದು. ಆಮೇಲೆ ರಿಚ್ಚೋಲಿಗೆ ಬನ್ನಿ. ಮೊದಲು ಪಾತ್ರಗಳ ಕೈಯಲ್ಲಿ ಏನಿದೆ ನೋಡಿ. ಮತ್ತೆ ಬಾಯಿಂದ ಹೊರಟ ಸಾಲುಗಳನ್ನು ಓದಿ, ಲ್ಯಾಟಿನ್ ಬಾರದಿದ್ದರೆ ಯಾವ ಗ್ರಂಥದ ಸಾಲು ಎಂದು ಹುಡುಕಿದರೂ ಸಾಕು. ಮೂಲಕಥೆಯಲ್ಲಿ ಇದ್ದು ಚಿತ್ರದಲ್ಲಿ ಬಿಟ್ಟುಹೋಗಿರುವುದು ಏನು ಎಂದು ಕೇಳಿಕೊಳ್ಳಿ. ಪುಸ್ತಕ ಯಾರಿಗೆ ಅರ್ಪಣೆಯಾಗಿದೆ ಎಂಬುದು ಸಾಮಾನ್ಯವಾಗಿ ಮುಂದಿನ ಪುಟದಲ್ಲೇ ಇರುತ್ತದೆ, ಅದನ್ನೂ ತಿರುಗಿಸಿ ನೋಡಿ.